ಬೆಟ್ಟ ಹೇಳಿದ ಹಾಗೆ ಒಂದು ದಿನ

ಸಿಸಿಲಿ ದ್ವೀಪದ ಕತಾನಿಯಾದಲ್ಲಿ ಕೊಡೆ ಬರೀ ಮಳೆಗಾಲದ ಸಾಮಾನಲ್ಲ. ಆಕಾಶ ನಿಚ್ಚಳವಾಗಿರುವ ದಿನವೂ ಒಮ್ಮೊಮ್ಮೆ ಜನ ಕೊಡೆ ಬಿಚ್ಚಿಕೊಂಡು ಓಡಾಡುತ್ತಾರೆ. ಮೇಲಿಂದ ಬೀಳುತ್ತಿರುವುದು ನೀರಲ್ಲ, ಕರಿಮರಳು. ಅಂಥ ಹೊತ್ತಿನಲ್ಲಿ ಮೇಯರ್ ಆದೇಶ ಹೊರಡಿಸಿ ಸ್ಕೂಟರು, ಬೈಕು ರಸ್ತೆಗಿಳಿಯದಂತೆ ತಡೆಯುತ್ತಾರೆ. ಕಾರುಗಳು ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ. ವಿಮಾನ ನಿಲ್ದಾಣ ಕೆಲವು ಗಂಟೆ ಬಾಗಿಲು ಹಾಕುತ್ತದೆ. ಮನೆಯವರು ತಾರಸಿ ಗುಡಿಸಿ, ಮರಳನ್ನು ಚೀಲಕ್ಕೆ ತುಂಬಿ ಬೀದಿ ಬದಿಗಿಟ್ಟು, ಕೈ ತೊಳೆದುಕೊಂಡು ಕಾಫಿಗೆ ಹೋಗುತ್ತಾರೆ. ಊರಿನಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಎಟ್ನಾ ಇದೆ. ಅಲ್ಲಿನವರು ಅದನ್ನು ಹೆಸರು ಹಿಡಿದು ಕರೆಯುವುದೂ ಕಡಿಮೆ, ‘ಬೆಟ್ಟ’ ಅಂದರೆ ಸಾಕು.

ಎಟ್ನಾದ ಎತ್ತರ ಎಷ್ಟು ಎಂದು ಯಾರಾದರೂ ಕೇಳಿದರೆ, ಯಾವ ವರ್ಷದ್ದು ಎಂದು ತಿರುಗಿ ಕೇಳಬೇಕು. ನೆತ್ತಿಯಲ್ಲಿ ನಾಲ್ಕು ಬಾಯಿಗಳಿವೆ. ಅವುಗಳಲ್ಲಿ ಕಿರಿಯದು, 1971ರಲ್ಲಿ ಹುಟ್ಟಿದ ಆಗ್ನೇಯದ ಬಾಯಿ, ಉಗುಳಿ ಉಗುಳಿ ತನ್ನ ಸುತ್ತ ತಾನೇ ಗುಡ್ಡ ಕಟ್ಟಿಕೊಂಡು 2021ರಲ್ಲಿ 3,357 ಮೀಟರ್ ಮುಟ್ಟಿ ಹಿರಿಯರನ್ನೆಲ್ಲ ಮೀರಿಸಿತು. 2024ರ ಬೇಸಿಗೆಯಲ್ಲಿ ಪಕ್ಕದ ವೊರಾಜಿನೆ ಎಂಬ ಬಾಯಿ ಅದನ್ನೂ ಹಿಂದಿಕ್ಕಿತು. ಬೆಟ್ಟದ ದೊಡ್ಡದೊಂದು ಭಾಗ 1987ರಿಂದ ಸಂರಕ್ಷಿತ ಉದ್ಯಾನ. 2013ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಬೆಳಿಗ್ಗೆ ತಿಂಡಿ ತಿಂದು ಹೊರಟು, ಜೀವಂತ ಜ್ವಾಲಾಮುಖಿಯ ಮೇಲೆ ನಡೆದಾಡಿ, ರಾತ್ರಿ ಊಟಕ್ಕೆ ದೊಡ್ಡ ಊರಿಗೆ ಮರಳಬಹುದಾದ ಜಾಗಗಳು ಲೋಕದಲ್ಲಿ ಹೆಚ್ಚಿಲ್ಲ. ನಮ್ಮ ದೇಶದಲ್ಲಿರುವ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದೊಂದೇ, ಅಲ್ಲಿ ಜನವಸತಿಯೂ ಇಲ್ಲ.

ಎಟ್ನಾಕ್ಕೆ ಹೋಗುವವರು ಮಾರ್ಗದರ್ಶಿಗಳ ಕಚೇರಿಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಎತ್ತರದವರೆಗೆ ಕರೆದೊಯ್ಯುತ್ತೀರಿ? ಕೈಯಲ್ಲಿ ಒಂದೇ ದಿನ ಇದ್ದರೆ ಇದು ಕೇಳಬೇಕಾದ ಪ್ರಶ್ನೆಯಲ್ಲ ಅಂತ ನನ್ನ ಅಭಿಪ್ರಾಯ. ನೆತ್ತಿಯ ಬಾಯಿ ಕಾಣುವುದೂ ಬಿಡುವುದೂ ಅವತ್ತಿನ ಗಾಳಿ, ಮೋಡ, ಅನಿಲದ ಮರ್ಜಿ. ಅಷ್ಟೆತ್ತರ ಹತ್ತಿ ಬರೀ ಬಿಳಿ ಹೊಗೆ ನೋಡಿ, ಗಂಧಕದ ವಾಸನೆ ಕುಡಿದು ಇಳಿದವರು ಬೇಕಾದಷ್ಟು ಜನ. ಆದರೆ ಕೆಳಗಿನ ಇಳಿಜಾರಿನಲ್ಲಿ, ಹಳ್ಳಿಗಳಲ್ಲಿ, ಕತಾನಿಯಾದ ಬೀದಿಗಳಲ್ಲಿ ಬೆಟ್ಟ ಯಾವಾಗಲೂ ಕಾಣುತ್ತದೆ, ಅದು ಮಾಡಿದ್ದೆಲ್ಲವೂ ಕಾಣುತ್ತದೆ. ದಿನದ ಯೋಜನೆಯನ್ನು ತುದಿಯಿಂದ ಕೆಳಕ್ಕೆ ಹಾಕುವ ಬದಲು ಬುಡದಿಂದ ಮೇಲಕ್ಕೆ ಹಾಕಿ ನೋಡಿ. ಹಾಗಾಗಿ ಪ್ರವಾಸ ಶುರುವಾಗಬೇಕಾದ್ದು ಹಿಂದಿನ ದಿನ ಸಂಜೆ, ಊರೊಳಗೆ.

ಕತಾನಿಯಾದ ದುವೊಮೊ ಚೌಕದ ನಡುವೆ ಕಾರಂಜಿಯ ಮೇಲೊಂದು ಕರಿ ಆನೆ ನಿಂತಿದೆ. ಊರಿನ ಲಾಂಛನ ಅದೇ, ಕೆತ್ತಿದ್ದು ಲಾವಾ ಕಲ್ಲಿನಲ್ಲಿ. ಚೌಕದಿಂದ ಹೊರಡುವ ಎಟ್ನೇಯಾ ಬೀದಿ ನೂಲು ಹಿಡಿದಂತೆ ನೇರವಾಗಿ ಬೆಟ್ಟದ ಕಡೆ ಹೋಗುತ್ತದೆ, ಹಾಸಿದ ಚಪ್ಪಡಿಯೂ ಅದೇ ಕರಿಕಲ್ಲು. 1693ರ ಜನವರಿಯ ಭೂಕಂಪದಲ್ಲಿ ಊರು ನೆಲಸಮವಾಯಿತು. ಉಳಿದವರು ಮತ್ತೆ ಕಟ್ಟುವಾಗ ಬೆಟ್ಟ ಕೊಟ್ಟ ಕರಿಕಲ್ಲು, ಬೇರೆ ಕಡೆಯ ಬಿಳಿ ಸುಣ್ಣಕಲ್ಲು ಎರಡನ್ನೂ ಬೆರೆಸಿದರು. ಹಾಗಾಗಿ ಊರಿನ ಹಳೆ ಕಟ್ಟಡಗಳಿಗೆಲ್ಲ ಕಪ್ಪು-ಬಿಳುಪಿನ ಅಂಚಿದೆ.

ಭೂಕಂಪಕ್ಕೆ 24 ವರ್ಷ ಮುಂಚೆ ಬಂದದ್ದು ಲಾವಾ. 1669ರ ಮಾರ್ಚ್ 11ರಂದು ನಿಕೊಲೊಸಿ ಎಂಬ ಹಳ್ಳಿಯ ಪಕ್ಕದಲ್ಲಿ ನೆಲ ಬಿರಿಯಿತು. ಜ್ವಾಲಾಮುಖಿ ಎಂದರೆ ತುದಿಯ ಬಾಯೊಂದೇ ಅಂದುಕೊಂಡವರು ಗಮನಿಸಬೇಕು: ಎಟ್ನಾ ಪಕ್ಕೆಯಲ್ಲೂ ಒಡೆಯುತ್ತದೆ, ಊರಿಗೆ ಅಪಾಯ ತಂದದ್ದು ಹೆಚ್ಚಾಗಿ ಇಂಥ ಪಕ್ಕೆಯ ಬಿರುಕುಗಳೇ. ಲಾವಾ ದಾರಿಯ ಹಳ್ಳಿಗಳನ್ನು ನುಂಗುತ್ತ ಇಳಿಯಿತು. ಕತಾನಿಯಾದಿಂದ ಹತ್ತಾರು ಜನ ಹಸಿ ಮಾಡಿದ ಹಸುವಿನ ತೊಗಲು ಹೊದ್ದು, ಕಬ್ಬಿಣದ ಹಾರೆ ಹಿಡಿದು ಹೊರಟರು. ಹರಿಯುವ ಲಾವಾದ ಎರಡೂ ದಂಡೆ ತಣಿದು ಗಟ್ಟಿಯಾಗಿ ಗೋಡೆಯಂತೆ ನಿಲ್ಲುತ್ತದೆ. ಆ ಗೋಡೆಯನ್ನು ಒಂದು ಕಡೆ ಒಡೆದರೆ ಒಳಗಿನ ಬೆಂಕಿ ಬೇರೆ ದಾರಿ ಹಿಡಿಯುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಲಾವಾ ತಿರುಗಿತು. ಆದರೆ ತಿರುಗಿದ್ದು ಪತೆರ್ನೋ ಎಂಬ ಊರಿನ ಕಡೆ. ಪತೆರ್ನೋದವರು ನೂರಾರು ಜನ ಆಯುಧ ಹಿಡಿದು ಬಂದು ಇವರನ್ನು ಅಟ್ಟಿದರು. ಒಡೆದ ಕಿಂಡಿ ಮತ್ತೆ ಮುಚ್ಚಿಕೊಂಡಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಲಾವಾ ಕತಾನಿಯಾದ ಕೋಟೆಗೋಡೆ ದಾಟಿ, ಊರಿನ ಪಶ್ಚಿಮ ಭಾಗವನ್ನು ಹೂತು, ಸಮುದ್ರಕ್ಕೆ ಇಳಿದಿತ್ತು.

ಇದು ಪುಸ್ತಕದ ಕಥೆ ಅನ್ನಿಸಿದರೆ ಉರ್ಸಿನೊ ಕೋಟೆಯವರೆಗೆ ನಡೆಯಿರಿ. ಹದಿಮೂರನೆಯ ಶತಮಾನದಲ್ಲಿ ಕಡಲಂಚಿಗೆ ಕಟ್ಟಿದ ಕೋಟೆ ಅದು. ಈಗ ಸುತ್ತ ಮನೆಗಳು, ಕಡಲು ಕಣ್ಣಿಗೇ ಬೀಳುವುದಿಲ್ಲ; 1669ರ ಲಾವಾ ಕಂದಕವನ್ನು ತುಂಬಿ ತೀರವನ್ನೇ ಮುಂದಕ್ಕೆ ತಳ್ಳಿಬಿಟ್ಟಿತು. ಇನ್ನೂ ಸಮಯವಿದ್ದರೆ ಬೆನೆಡಿಕ್ಟೈನ್ ಸನ್ಯಾಸಿಗಳ ಹಳೆಯ ಮಠ ನೋಡಬೇಕು. ಈಗ ಅದು ವಿಶ್ವವಿದ್ಯಾಲಯದ ಕಟ್ಟಡ. ಲಾವಾ ಮಠದ ಗೋಡೆಗೆ ಬಂದು ಒರಗಿ ನಿಂತಿತು. ಸನ್ಯಾಸಿಗಳು ಅದನ್ನು ತೆಗೆಯುವ ಗೋಜಿಗೆ ಹೋಗದೆ, ಮೇಲೆ ಮಣ್ಣು ಹಾಕಿ ತೋಟ ಮಾಡಿದರು. ಅಂದಹಾಗೆ, ಈ ಲಾವಾಕ್ಕೆ 13 ವರ್ಷ ಮೊದಲು ವಿಜಯಪುರದಲ್ಲಿ ಗೋಳಗುಮ್ಮಟದ ಕೆಲಸ ನಿಂತಿತ್ತು. ಅದರ ಕಲ್ಲೂ ಇದೇ ಜಾತಿಯದು, ಬಸಾಲ್ಟ್. ವಯಸ್ಸಿನಲ್ಲಿ ಮಾತ್ರ ಕೋಟ್ಯಂತರ ವರ್ಷಗಳ ಅಂತರ.

ಇನ್ನು ಮಾರ್ಗದರ್ಶಿಯ ವಿಷಯ. ಸುಮಾರು 1,900 ಮೀಟರಿನವರೆಗೆ ಡಾಂಬರು ರಸ್ತೆ ಇದೆ, ಅಲ್ಲಿಯವರೆಗೆ ಯಾರ ಅಪ್ಪಣೆಯೂ ಬೇಡ. ಅದಕ್ಕೂ ಮೇಲೆ ಒಂದು ಗೆರೆ ದಾಟಿದರೆ ಪರವಾನಗಿ ಇರುವ ಜ್ವಾಲಾಮುಖಿ ಮಾರ್ಗದರ್ಶಿ ಜೊತೆಗಿರಲೇಬೇಕು. ಆ ಗೆರೆ ಎಲ್ಲಿದೆ ಎನ್ನುವುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಕತಾನಿಯಾದಲ್ಲಿರುವ ಜ್ವಾಲಾಮುಖಿ ವೀಕ್ಷಣಾಲಯದ ವಿಜ್ಞಾನಿಗಳು ಹಗಲೂ ರಾತ್ರಿ ಬೆಟ್ಟದ ಕಂಪನವನ್ನು ಅಳೆಯುತ್ತಾರೆ. ಕಂಪನ ಏರಿದರೆ ಎಚ್ಚರಿಕೆಯ ಮಟ್ಟ ಏರುತ್ತದೆ, ಬೆಟ್ಟದ ಸುತ್ತಲಿನ ಊರುಗಳ ಮೇಯರ್‌ಗಳು ಆದೇಶ ಹೊರಡಿಸುತ್ತಾರೆ, ಗೆರೆ ಕೆಳಗಿಳಿಯುತ್ತದೆ. ತಿಂಗಳ ಮೊದಲೇ ದುಡ್ಡು ಕಟ್ಟಿ ಕಾದಿರಿಸಿದ ‘ನೆತ್ತಿಯ ಚಾರಣ’ ಅವತ್ತು ಬೆಳಿಗ್ಗೆ ಏಳು ಗಂಟೆಗೆ ‘ಅರ್ಧ ಬೆಟ್ಟದ ಚಾರಣ’ ಆಗಿರಬಹುದು. ಜಗಳ ಆಡಿ ಉಪಯೋಗವಿಲ್ಲ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಎಟ್ನಾದ ಲಾವಾ ಸಾಮಾನ್ಯವಾಗಿ ನಿಧಾನಿ, ಮುಂದೆ ಮನುಷ್ಯ ನಡೆದೇ ತಪ್ಪಿಸಿಕೊಳ್ಳಬಹುದು. ಹೊಲ-ಮನೆ ಹೋದೀತು, ಜೀವ ಹೋಗುವುದು ಅಪರೂಪ. ಅಪಾಯ ಇರುವುದು ತುದಿಯಲ್ಲಿ, ಮುನ್ಸೂಚನೆ ಕೊಡದ ಸ್ಫೋಟಗಳಲ್ಲಿ. 1979ರ ಸೆಪ್ಟೆಂಬರಿನಲ್ಲಿ ಬೊಕ್ಕಾ ನುವೊವಾ ಎಂಬ ಬಾಯಿ ದಿಢೀರನೆ ಸಿಡಿದು ಅಂಚಿನಲ್ಲಿದ್ದ ಒಂಬತ್ತು ಪ್ರವಾಸಿಗರು ಸತ್ತರು. 2017ರ ಮಾರ್ಚ್‌ನಲ್ಲಿ ಆದದ್ದು ಬೇರೆ ಥರ: ಹೊಸ ಲಾವಾ ಹಿಮದ ಮೇಲೆ ಹರಿದು, ಅಡಿಯಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಸ್ಫೋಟಿಸಿ, ಬಿಬಿಸಿ ತಂಡದವರೂ ಸೇರಿ ಸುಮಾರು ಹತ್ತು ಜನ ಗಾಯಗೊಂಡರು. 2025ರ ಜೂನ್ 2ರಂದು ಆಗ್ನೇಯದ ಬಾಯಿಯ ಒಂದು ಪಕ್ಕೆ ಕುಸಿದು, ಬಿಸಿ ಬೂದಿ-ಅನಿಲದ ಮೋಡ ಇಳಿಜಾರಿನಲ್ಲಿ ಉರುಳಿ ಬಂತು. ಪ್ರವಾಸಿಗರು ಬೆನ್ನು ತಿರುಗಿಸಿ ಓಡುವ ವಿಡಿಯೊ ನೀವೂ ನೋಡಿರಬಹುದು. ಅವತ್ತು ಯಾರಿಗೂ ಏನೂ ಆಗಲಿಲ್ಲ. ಮಾರ್ಗದರ್ಶಿಗೆ ನಾವು ಕೊಡುವ ದುಡ್ಡು ಬೆಂಕಿ ತೋರಿಸಿದ್ದಕ್ಕಲ್ಲ, ‘ಇಲ್ಲಿಗೆ ಸಾಕು, ವಾಪಸು’ ಎಂದು ಸಮಯಕ್ಕೆ ಸರಿಯಾಗಿ ಹೇಳುವುದಕ್ಕೆ.

ಹಾಗಾಗಿ ಕಾದಿರಿಸುವಾಗ ಕೇಳಬೇಕಾದ್ದು ಬೇರೆಯೇ. ಜೊತೆಗೆ ಬರುವವರು ಜ್ವಾಲಾಮುಖಿಗೆ ಪರವಾನಗಿ ಪಡೆದವರೋ, ಕೆಳಗಿನ ಕಾಡುದಾರಿಗೆ ಮಾತ್ರ ಅನುಮತಿ ಇರುವವರೋ? ಗುಂಪಿನಲ್ಲಿ ಎಷ್ಟು ಜನ? ಹೆಲ್ಮೆಟ್ ಅವರೇ ಕೊಡುತ್ತಾರೆಯೇ? ಕೇಬಲ್ ಕಾರಿನ ಟಿಕೆಟ್ ಸೇರಿದೆಯೇ? ಬೆಟ್ಟ ಮುಚ್ಚಿದರೆ ದುಡ್ಡು ವಾಪಸೋ, ಬದಲಿ ದಾರಿಯೋ? ಕೊನೆಯ ಎರಡನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಕೇಬಲ್ ಕಾರೊಂದಕ್ಕೇ ತಲೆಗೆ 50 ಯೂರೊ ಆಸುಪಾಸು ಆಗುವುದರಿಂದ, ‘ಅಗ್ಗದ ಪ್ರವಾಸ’ ಕೊನೆಯಲ್ಲಿ ಅಗ್ಗವಾಗಿ ಉಳಿಯುವುದಿಲ್ಲ.

ಬೆಟ್ಟಕ್ಕೆ ಎರಡು ಮುಖ್ಯ ಬಾಗಿಲು. ದಕ್ಷಿಣದಲ್ಲಿ ರಿಫ್ಯೂಜಿಯೊ ಸಪಿಯೆನ್ಸಾ, ಉತ್ತರದಲ್ಲಿ ಪಿಯಾನೊ ಪ್ರೊವೆನ್ಸಾನಾ. ಕಾರಿಲ್ಲದವರಿಗೆ ದಕ್ಷಿಣವೇ ಗತಿ. ಕತಾನಿಯಾದ ರೈಲು ನಿಲ್ದಾಣದ ಎದುರಿನಿಂದ ಬೆಳಿಗ್ಗೆ ಒಂದು ಬಸ್ಸು ಹೋಗುತ್ತದೆ, ಸಂಜೆ ಅದೇ ಮರಳುತ್ತದೆ. ಅದು ತಪ್ಪಿದರೆ ದಿನವೇ ತಪ್ಪಿದಂತೆ. ಸಪಿಯೆನ್ಸಾದಲ್ಲಿ ಜಾತ್ರೆಯ ಗದ್ದಲ: ಅಂಗಡಿ, ಹೋಟೆಲು, ಬೂಟು-ಜಾಕೆಟ್ ಬಾಡಿಗೆಗೆ ಕೊಡುವವರು. ಗದ್ದಲ ಬೇಡವೆನ್ನುವವರು ಮಾರ್ಗದರ್ಶಿಯ ವಾಹನದಲ್ಲೇ ಉತ್ತರಕ್ಕೆ ಹೋಗಲಿ. 2002ರ ಅಕ್ಟೋಬರಿನಲ್ಲಿ ಅಲ್ಲಿದ್ದ ಹೋಟೆಲು, ಸ್ಕೀಯಿಂಗ್ ತಾಣ ಎಲ್ಲವನ್ನೂ ಲಾವಾ ನುಂಗಿತು. ಆ ಹರಿವಿನ ಅಂಚಿನಲ್ಲಿ ಸುಟ್ಟು ಒಣಗಿದ ಪೈನ್ ಮರಗಳು ಬೆಳ್ಳಗೆ ನಿಂತಿವೆ. ಕಲ್ಲಿನ ಬಿರುಕುಗಳಲ್ಲಿ ಹಳದಿ ಹೂವಿನ ಎಟ್ನಾ ಬ್ರೂಮ್ ಗಿಡ ತಲೆ ಎತ್ತುತ್ತಿದೆ. ಬೂದಿಯಲ್ಲೂ ಬೇರು ಬಿಡುವ ಗಿಡ ಇದು. ಕಲ್ಲು ಒಡೆದು ಮಣ್ಣಾಗುವ ಕೆಲಸ ಶುರುವಾಗುವುದೇ ಇಂಥವುಗಳಿಂದ.

ಮೊದಲ ಸಲ ಹೋಗುವವರು, ಅದರಲ್ಲೂ ಜೊತೆಗೆ ವಯಸ್ಸಾದವರೋ ಮಕ್ಕಳೋ ಇದ್ದರೆ, ಗದ್ದಲವಿದ್ದರೂ ದಕ್ಷಿಣವನ್ನೇ ಆರಿಸಿಕೊಳ್ಳಲಿ ಎನ್ನುತ್ತೇನೆ. ಕೇಬಲ್ ಕಾರು 2,500 ಮೀಟರಿಗೆ ಏರಿಸುತ್ತದೆ. ಅಲ್ಲಿಂದ ಎತ್ತರದ ಚಕ್ರಗಳ ಬಸ್ಸು, ಅವತ್ತು ಅನುಮತಿ ಇದ್ದರೆ, 2,900 ಮೀಟರಿನ ಹತ್ತಿರದವರೆಗೆ ಒಯ್ಯುತ್ತದೆ. ಅಲ್ಲಿ 2002ರ ಚಳಿಗಾಲದಲ್ಲಿ ಹುಟ್ಟಿದ ಬಾರ್ಬಗಾಲ್ಲೊ ಗುಡ್ಡಗಳ ಅಂಚಿನಲ್ಲಿ ಸುತ್ತು ಹಾಕಬಹುದು. ಹಿಂದೆ ಹತ್ತಿರದಲ್ಲೇ ‘ತತ್ವಜ್ಞಾನಿಯ ಗೋಪುರ’ ಎಂಬ ಜಾಗವಿತ್ತು. ಎಟ್ನಾದ ಬಾಯಿಗೆ ಹಾರಿದನೆಂದು ಐತಿಹ್ಯವಿರುವ ಗ್ರೀಕ್ ಚಿಂತಕ ಎಂಪಿಡೊಕ್ಲಿಸ್‌ನ ನೆನಪಿನ ಹೆಸರು ಅದು. ಅಲ್ಲಿದ್ದ ಕಟ್ಟಡವೂ ಈಗ ಲಾವಾದಡಿ.

ನಾನಿದ್ದ ಗುಂಪಿನಲ್ಲಿ ವಿಜಯಪುರದ ಕಡೆಯ ಒಬ್ಬ ತಾಯಿ ಇದ್ದರು. ಇಟಲಿಯಲ್ಲಿ ಕೆಲಸದಲ್ಲಿದ್ದ ಮಗ ಕರೆತಂದಿದ್ದ. ಇಳಕಲ್ ಸೀರೆ, ಮೇಲೆ ಬಾಡಿಗೆಯ ಕೆಂಪು ಜಾಕೆಟ್ಟು, ತಲೆಗೆ ಹೆಲ್ಮೆಟ್ಟು, ಕಾಲಿಗೆ ಮಗನ ಬೂಟು. ಮಾರ್ಗದರ್ಶಿ ಒಂದು ಕಡೆ ನಿಂತು ಹಿಮ್ಮಡಿಯಿಂದ ನೆಲ ಕೆದಕಿದ. ಮೇಲೆ ಕಡಲೆಕಾಳಿನ ಗಾತ್ರದ ಕರಿ ಹರಳು, ಅದರಡಿ ಕೆಂಪಿಗೆ ತಿರುಗಿದ ಮರಳು, ಒಂದು ಗೇಣು ಆಳಕ್ಕೆ ಹೋಗುವಷ್ಟರಲ್ಲಿ ಸಣ್ಣಗೆ ಹಬೆ. ಕೈ ಹಾಕಿ ನೋಡಿ ಎಂದ. ಎಲ್ಲರಿಗಿಂತ ಮುಂದೆ ಆ ತಾಯಿ ಕುಕ್ಕರಗಾಲಿನಲ್ಲಿ ಕುಳಿತು ಕೈ ಇಟ್ಟರು, ಥಟ್ಟನೆ ಎಳೆದುಕೊಂಡರು.

“ಎವ್ವಾ! ಮುಂಜಾನಿ ಒಲ್ಯಾಗಿನ ಬೂದಿ ಇದ್ದಂಗ ಐತಲ್ಲೋ ತಮ್ಮಾ.”

“ಸಾಕ್ ಏಳಬೇ, ಗಾಳಿ ಭಾಳ ಐತಿ” ಎಂದ ಮಗ.

ಅವರು ಏಳಲಿಲ್ಲ. ಒಂದು ಹಿಡಿ ಮರಳು ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. “ಕರ್ರಗೇನೋ ಐತಿ. ಆದ್ರ ಇದಿನ್ನ ಎರಿ ಆಗಿಲ್ಲ ಬಿಡು. ಜೋಳ ಬರಂಗಿಲ್ಲ.”

ಭೂವಿಜ್ಞಾನದ ತರಗತಿಯಲ್ಲಿ ಇದನ್ನು ಹೇಳಲು ಅರ್ಧ ಗಂಟೆ ಬೇಕಾಗುತ್ತಿತ್ತು. ವಿಜಯಪುರ, ಬೀದರ, ಕಲಬುರಗಿಯ ಬಹುಭಾಗ ಮತ್ತು ಬೆಳಗಾವಿಯ ಒಂದಷ್ಟು ನೆಲ ಕೂತಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾದ ಮೇಲೆ. ಆ ಕಲ್ಲು ಸವೆದೂ ಸವೆದೂ ಎರೆಮಣ್ಣಾಗಿದೆ. ಎಟ್ನಾದ ಮೇಲ್ಭಾಗದ ನೆಲಕ್ಕೆ ಅಷ್ಟು ಪುರುಸೊತ್ತು ಸಿಕ್ಕಿಲ್ಲ, ಸಿಗುವಷ್ಟರಲ್ಲಿ ಮೇಲೆ ಮತ್ತೊಂದು ಪದರ ಬಿದ್ದಿರುತ್ತದೆ. ಕೆಳಗಿನ ಹಳೆಯ ಹರಿವುಗಳ ಮೇಲೆ ಮಾತ್ರ ದ್ರಾಕ್ಷಿ, ಕಿತ್ತಳೆ, ನಿಂಬೆ, ಸೇಬು, ಚೆಸ್ಟ್‌ನಟ್ ಎಲ್ಲವೂ ಸೊಂಪಾಗಿ ಬೆಳೆಯುತ್ತವೆ.

ಬಟ್ಟೆಯ ವಿಷಯ ಎಷ್ಟು ಹೇಳಿದರೂ ಜನ ಕೇಳುವುದಿಲ್ಲ. ಪ್ರತಿ ನೂರು ಮೀಟರ್ ಏರಿದಂತೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಂಪಾಗುತ್ತದೆ. ಆಗಸ್ಟಿನಲ್ಲಿ ಕತಾನಿಯಾದಲ್ಲಿ 34 ಡಿಗ್ರಿ ಇದ್ದರೆ 2,900 ಮೀಟರಿನಲ್ಲಿ ಹದಿನೇಳೋ ಹದಿನೆಂಟೋ, ಗಾಳಿ ಎದ್ದರೆ ಇನ್ನೂ ಚಳಿ. ಚಡ್ಡಿ-ಚಪ್ಪಲಿಯಲ್ಲಿ ಬಂದು ನಡುಗುವವರನ್ನು ಕೇಬಲ್ ಕಾರಿನ ಸರತಿಯಲ್ಲೇ ನೋಡಬಹುದು. ಉದ್ದ ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ತಂಪು ಕನ್ನಡಕ ಇವಿಷ್ಟು ಖಾಯಂ. ಲಾವಾದ ಚೂರು ಗಾಜಿನಷ್ಟೇ ಹರಿತ, ಜಾರಿ ಕೈಯೂರಿದರೆ ಅಂಗೈ ಕೆತ್ತಿಹೋಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತೊಂದು ದಿನ ಕನ್ನಡಕಕ್ಕೆ ಮರಳಲಿ. ಉಬ್ಬಸ, ಹೃದಯದ ತೊಂದರೆ ಇದ್ದವರು ತುದಿಯ ಅನಿಲದ ತಂಟೆಗೆ ಹೋಗುವುದೇ ಬೇಡ. ಮಧ್ಯಾಹ್ನಕ್ಕೆ ಮೋಡ ಕಟ್ಟುವುದು ವಾಡಿಕೆಯಾದ್ದರಿಂದ ಬೆಳಿಗ್ಗೆ ಬೇಗ ಹೋದಷ್ಟೂ ಲಾಭ. ಮೇ-ಜೂನ್, ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಮೇಲೆಲ್ಲ ಹಿಮ, ಅಲ್ಲಿ ಸ್ಕೀಯಿಂಗ್ ನಡೆಯುತ್ತದೆ.

ಕೇಬಲ್ ಕಾರು ಬೇಡವೆನ್ನುವವರಿಗೆ ಸಪಿಯೆನ್ಸಾದ ಮಗ್ಗುಲಲ್ಲೇ ಸಿಲ್ವೆಸ್ತ್ರಿ ಗುಡ್ಡಗಳಿವೆ. 1892ರಲ್ಲಿ ಹುಟ್ಟಿ ಆಮೇಲೆ ತಣ್ಣಗಾದ ಬಾಯಿಗಳು. ಮಾರ್ಗದರ್ಶಿ ಇಲ್ಲದೆಯೂ ಅಂಚಿನಲ್ಲಿ ನಡೆದು ಒಳಗೆ ಇಣುಕಬಹುದು.

ಮಧ್ಯಾಹ್ನ ಎರಡು ಗಂಟೆಯೊಳಗೆ ಮೇಲಿನಿಂದ ಇಳಿದರೆ ಉಳಿದ ಅರ್ಧ ದಿನ ಹಳ್ಳಿಗಳಿಗೆ. ಬಸ್ಸಿನವರಿಗೆ ಇದು ಕಷ್ಟ, ಮಾರ್ಗದರ್ಶಿಯ ವಾಹನವಿದ್ದರೆ ಮೊದಲೇ ಮಾತಾಡಿಕೊಳ್ಳಿ. ನನ್ನ ಆಯ್ಕೆ ಪೂರ್ವದ ಇಳಿಜಾರಿನ ಜಫೆರಾನಾ. 1991ರ ಡಿಸೆಂಬರಿನಲ್ಲಿ ಶುರುವಾಗಿ 1993ರ ಮಾರ್ಚ್‌ವರೆಗೆ ಹರಿದ ಲಾವಾ ಈ ಊರಿನ ನೆತ್ತಿಗೇ ಬಂದು ನಿಂತಿತ್ತು. ಮೊದಲು ಮಣ್ಣಿನ ಒಡ್ಡು ಹಾಕಿದರು, ಲಾವಾ ಅದನ್ನು ಹತ್ತಿ ದಾಟಿತು. ಹೆಲಿಕಾಪ್ಟರಿನಿಂದ ಕಾಂಕ್ರೀಟ್ ದಿಮ್ಮಿಗಳನ್ನು ಲಾವಾದ ಕಾಲುವೆಗೆ ಎಸೆದು ನೋಡಿದರು. ಕೊನೆಗೆ 1992ರ ಮೇ ತಿಂಗಳಲ್ಲಿ ಏಳು ಟನ್ ಸ್ಫೋಟಕ ಇಟ್ಟು, ಮೇಲೆ ಹರಿವು ಹುಟ್ಟುವ ಜಾಗದಲ್ಲೇ ಲಾವಾದ ದಂಡೆ ಸಿಡಿಸಿ ಪಕ್ಕದಲ್ಲಿ ತೋಡಿದ್ದ ಕಾಲುವೆಗೆ ತಿರುಗಿಸಿದರು. ತೊಗಲು ಹೊದ್ದು ಹಾರೆ ಹಿಡಿದವರು ಮಾಡಿದ್ದೂ ಇದನ್ನೇ. ಈ ಸಲ ಕೆಳಗೆ ಯಾವ ಪತೆರ್ನೋವೂ ಇರಲಿಲ್ಲ. ಲಾವಾ ನಿಂತ ಜಾಗದಲ್ಲಿ ಈಗ ಮೇರಿ ಮಾತೆಯ ಮೂರ್ತಿಯಿದೆ, ಊರಿನವರ ಪ್ರಕಾರ ತಡೆದದ್ದು ಆಕೆ. ತನ್ನ ತೋಟದ ಮನೆ ಮುಳುಗುವುದು ಖಚಿತವಾದಾಗ ಒಬ್ಬ ರೈತ, ಇಷ್ಟು ದೂರ ನಡೆದು ದಣಿದು ಬಂದ ಬೆಟ್ಟಕ್ಕಿರಲಿ ಎಂದು ಮೇಜಿನ ಮೇಲೆ ಬ್ರೆಡ್ಡು, ಚೀಸು, ವೈನು ಇಟ್ಟು ಹೋದನೆಂದು ಹೇಳುತ್ತಾರೆ.

ಜಫೆರಾನಾ ಜೇನಿಗೆ ಹೆಸರುವಾಸಿ. ಕಿತ್ತಳೆ ಹೂವಿನದು, ಚೆಸ್ಟ್‌ನಟ್ಟಿನದು ಬೇರೆ ಬೇರೆ ಸಿಗುತ್ತದೆ, ಎರಡನೆಯದು ತುಸು ಕಹಿ. ಊಟದ ಬಗ್ಗೆ ಶಾಕಾಹಾರಿಗಳು ಚಿಂತೆ ಮಾಡಬೇಕಿಲ್ಲ. ಕತಾನಿಯಾದ ಹೆಮ್ಮೆಯ ತಿನಿಸೇ ಬದನೆಕಾಯಿಯದು: ಹುರಿದ ಬದನೆ, ಟೊಮ್ಯಾಟೊ, ತುಳಸಿಯ ಜಾತಿಯ ಬೇಸಿಲ್ ಎಲೆ, ಮೇಲೆ ಉಪ್ಪು ಹಾಕಿ ಒಣಗಿಸಿದ ರಿಕೊತಾ ಚೀಸಿನ ತುರಿ ಹಾಕಿದ ‘ಪಾಸ್ತಾ ಅಲ್ಲಾ ನೋರ್ಮಾ’. ಊರಿನ ಮಗ, ಸಂಗೀತಗಾರ ಬೆಲ್ಲೀನಿಯ ‘ನೋರ್ಮಾ’ ಗೀತನಾಟಕದ ಹೆಸರು. ಬೆಳಗಿನ ತಿಂಡಿಗೆ ಬಾದಾಮಿಯ ಗ್ರಾನಿತಾ, ಜೊತೆಗೆ ಮೆತ್ತನೆಯ ಬನ್ನು. ಫ್ರಿಜ್ ಬರುವ ಮುಂಚೆ ಎಟ್ನಾದ ಗುಹೆ-ಗುಂಡಿಗಳಲ್ಲಿ ಹಿಮ ಕೂಡಿಟ್ಟು ಬೇಸಿಗೆಯಲ್ಲಿ ಮಾರುತ್ತಿದ್ದರು, ಗ್ರಾನಿತಾದ ಮೂಲ ಅಲ್ಲಿದೆ. ಅಕ್ಕಿಯುಂಡೆ ಕರಿದ ‘ಅರಾಂಚೀನೊ’ ಕೊಳ್ಳುವಾಗ ಮಾತ್ರ ಒಳಗೇನಿದೆ ಎಂದು ಕೇಳಿಕೊಳ್ಳಿ, ಸಾಮಾನ್ಯವಾಗಿ ಮಾಂಸ ಇರುತ್ತದೆ.

ಅವತ್ತು ಬೆಟ್ಟ ಪೂರ್ತಿ ಮುಚ್ಚಿದ್ದರೆ? ಆಗ ಎಟ್ನಾದ ಬುಡ ಸುತ್ತುವ ಸಣ್ಣ ಗೇಜಿನ ರೈಲು ಹಿಡಿಯಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಾಕಿದ ಹಳಿ, ಲಾವಾ ಬಯಲುಗಳನ್ನು ಕಡಿದುಕೊಂಡೇ ಹೋಗುತ್ತದೆ. ಭಾನುವಾರ ಓಡಾಟ ಇದೆಯೋ ಇಲ್ಲವೋ ಮೊದಲೇ ವಿಚಾರಿಸಿ. ಪಶ್ಚಿಮದಲ್ಲಿ ಬ್ರೊಂತೆ ಎಂಬ ಊರಿನಲ್ಲಿ ಇಳಿದರೆ ಸುತ್ತಲೂ ಪಿಸ್ತಾ ತೋಟ. ಗಿಡಗಳು ಮಣ್ಣೇ ಕಾಣದ ಕರಿಬಂಡೆಯ ಸಂದುಗಳಿಂದ ಎದ್ದಿವೆ, ಯಂತ್ರ ಇಳಿಸುವಂತಿಲ್ಲ, ಎಲ್ಲ ಕೈಯಲ್ಲೇ ಬಿಡಿಸಬೇಕು. ಕೊಯ್ಲು ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ. ಅಂಥ ವರ್ಷದ ಸೆಪ್ಟೆಂಬರಿನಲ್ಲಿ ಹೋದರೆ ಬೀದಿಯಲ್ಲಿ ಒಣಹಾಕಿದ ಪಿಸ್ತಾ ಕಾಣಬಹುದು. ಬೆಲೆ ಕೇಳಿ ಗಾಬರಿಯಾಗಬೇಡಿ, ನೂರು ಗ್ರಾಂ ತಗೊಳ್ಳಿ.